9 ಗಂಟೆ ಮೈದಾನದಲ್ಲಿ, 13 ನಿಮಿಷ ಆಕಾಶದಲ್ಲಿ: ಗ್ಲೈಡರ್ ಕಲಿಕೆ ಎಂದರೆ ಇಷ್ಟೇನಾ?

ಹೊಸ ರೆಕ್ಕೆ | ಭಾನುವಾರ, ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಎಂಜಿನ್ ಇಲ್ಲದ ವಿಮಾನವಾದ ಗ್ಲೈಡರ್ ಹಾರಿಸಲು ಕಲಿಯಲು ಗ್ಲೈಡಿಂಗ್ ಕ್ಲಬ್ ಸೇರಿ ಎರಡು ತಿಂಗಳಾಯಿತು. ಇವತ್ತಿನ ಲೆಕ್ಕ ಒಪ್ಪಿಸುತ್ತೇನೆ, ತೀರ್ಪು ನೀವು ಕೊಡಿ.

ಬೆಳಿಗ್ಗೆ 7ಕ್ಕೆ ಮೈದಾನದಲ್ಲಿದ್ದೆ. ಒಂದರ ರೆಕ್ಕೆ ಇನ್ನೊಂದರ ಬಾಲಕ್ಕೆ ತಗುಲದಂತೆ ನಾಲ್ಕು ಗ್ಲೈಡರುಗಳನ್ನು ಹ್ಯಾಂಗರಿನಿಂದ ಹೊರಗೆ ತರುವಷ್ಟರಲ್ಲಿ ಎಂಟೂವರೆ. ಆಮೇಲೆ ವಿಂಚನ್ನು (ಕೇಬಲ್ ಸುತ್ತಿಕೊಳ್ಳುತ್ತಾ ಗ್ಲೈಡರನ್ನು ಎಳೆದು ಮೇಲೇರಿಸುವ ಯಂತ್ರ) ಮೈದಾನದ ಆ ತುದಿಗೆ ಸಾಗಿಸಿದ್ದು, ಅಲ್ಲಿಂದ ಕೇಬಲ್ ಎಳೆದುಕೊಂಡು ಈ ತುದಿಗೆ ಬಂದದ್ದು. ನನ್ನ ಮೊದಲ ಸರದಿ ಬಂದದ್ದು 11.20ಕ್ಕೆ, ಅದೂ ಆರು ನಿಮಿಷ. ಎರಡನೆಯದು ಊಟದ ಹೊತ್ತು ಕಳೆದ ಮೇಲೆ, ಐದು ನಿಮಿಷ. ನಡುವಿನ ಹೊತ್ತಿನಲ್ಲಿ ರೆಕ್ಕೆಯ ತುದಿ ಹಿಡಿದು ಓಡಿದೆ, ಇಳಿದ ಗ್ಲೈಡರುಗಳನ್ನು ತಳ್ಳಿಕೊಂಡು ಬಂದೆ, ಯಾರು ಎಷ್ಟು ಹೊತ್ತಿಗೆ ಏರಿದರು, ಯಾವಾಗ ಇಳಿದರು ಎಂದು ಬರೆದುಕೊಂಡೆ.

ಮೂರನೆಯದು ಮಧ್ಯಾಹ್ನ 3ಕ್ಕೆ. ಮೂತಿ ಆಕಾಶ ನೋಡುತ್ತಿತ್ತು, ಚೆನ್ನಾಗಿ ಏರುತ್ತಿದ್ದೆವು. ‘ಇವತ್ತು ಕೈ ಹದಕ್ಕೆ ಬಂತು’ ಎಂದುಕೊಂಡೆ. ಅಷ್ಟರಲ್ಲಿ ಟಪ್ ಎಂದು ಸದ್ದು, ಎಳೆತವೇ ಮಾಯ. ಹಿಂದೆ ಕುಳಿತಿದ್ದ ಬೋಧಕರು ಹಳದಿ ಗುಂಡಿ ಎಳೆದು ಕೇಬಲ್ ಬಿಟ್ಟುಬಿಟ್ಟಿದ್ದರು. ಒಂದು ಮಾತಿಲ್ಲ, ಮುನ್ಸೂಚನೆ ಇಲ್ಲ. ನಾನು ಮೂತಿಯನ್ನು ಒಂದಿಷ್ಟು ತಗ್ಗಿಸಿ ನೇರವಾಗಿ ಏರ್‌ಬ್ರೇಕಿನ (ಗ್ಲೈಡರನ್ನು ಬೇಗ ಇಳಿಸಲು ರೆಕ್ಕೆಯಿಂದ ಮೇಲೇಳುವ ಫಲಕಗಳು) ನೀಲಿ ಹಿಡಿಕೆಗೆ ಕೈ ಹಾಕಿದೆ. ‘ಬಿಡಿ, ನಾನು ನೋಡಿಕೊಳ್ಳುತ್ತೇನೆ’ ಎಂದು ಅವರೇ ಇಳಿಸಿದರು. ಎರಡು ನಿಮಿಷ. ಸಂಜೆ ಬೇರೆ ಕೆಲಸವಿದ್ದುದರಿಂದ 4ಕ್ಕೆ ಹೊರಟುಬಿಟ್ಟೆ.

ಪ್ರಶ್ನೆ ಮೂರು. ಒಂಬತ್ತು ಗಂಟೆಗೆ ಹದಿಮೂರು ನಿಮಿಷ, ಇದು ಎಲ್ಲ ಕಡೆಯ ಕಥೆಯೇ? ಹೇಳದೆ ಕೇಳದೆ ಕೇಬಲ್ ಬಿಡುವುದು ಸರಿಯೇ? ಈವರೆಗೆ 24 ಹಾರಾಟ ಮುಗಿಸಿದ್ದೇನೆ, ಸೋಲೋ (ಬೋಧಕರಿಲ್ಲದೆ ಒಬ್ಬನೇ ಹಾರುವ) ಮಾತನ್ನೇ ಯಾರೂ ಎತ್ತುತ್ತಿಲ್ಲ. ನಾನು ದಡ್ಡನೇ?

ವಿಂಚ್ ಕೂಲಿ | ರಾತ್ರಿ 9.22

ಹದಿಮೂರು ನಿಮಿಷ ಸಿಕ್ಕಿತೇ? ಪುಣ್ಯವಂತರು. ಹೋದ ತಿಂಗಳು ನಮ್ಮಲ್ಲಿ ಎಲ್ಲ ಸಜ್ಜಾಗಿ ಮೊದಲ ಗ್ಲೈಡರಿಗೆ ಕೇಬಲ್ ಸಿಕ್ಕಿಸುವ ಹೊತ್ತಿಗೆ ಗಾಳಿ ತಿರುಗಿತು. ಗಾಳಿಗೆ ಎದುರಾಗಿಯೇ ಏರಬೇಕಲ್ಲ. ವಿಂಚ್ ಈ ತುದಿಗೆ, ಗ್ಲೈಡರುಗಳು ಆ ತುದಿಗೆ. ಎರಡು ಗಂಟೆ ಹೋಯಿತು. ಮತ್ತೆ ಕೇಬಲ್ ಸಿಕ್ಕಿಸಿದೆವು. ಗಾಳಿ ಮತ್ತೆ ತಿರುಗಿತು. ನನ್ನ ಪಾಲಿಗೆ ಅಂದು ಸೊನ್ನೆ ನಿಮಿಷ.

ನೇರಮಾತು | ರಾತ್ರಿ 9.31

ಎಲ್ಲರೂ ಸೇರಿ ಇದನ್ನು ‘ಕ್ಲಬ್ ಸಂಸ್ಕೃತಿ’ ಎಂದು ಹೊಗಳುವ ಮೊದಲು ನಾನು ಹೇಳಿಬಿಡುತ್ತೇನೆ. ಇದು ಬಿಟ್ಟಿ ದುಡಿಮೆ. ಸದಸ್ಯತ್ವಕ್ಕೂ ಹಣ, ಪ್ರತಿ ಹಾರಾಟಕ್ಕೂ ಹಣ, ಅದರ ಮೇಲೆ ದಿನವಿಡೀ ಮೈ ಮುರಿದು ದುಡಿಯಬೇಕು. ಈಜು ಕಲಿಯಲು ಹೋದವರಿಗೆ ಕೊಳ ತೊಳೆಯಲು ಹೇಳುತ್ತಾರೆಯೇ?

ವಿಂಚ್ ಕೂಲಿ | ರಾತ್ರಿ 9.35

ಕೊಳ ತೊಳೆಯದಿದ್ದರೂ ಈಜಬಹುದು. ರೆಕ್ಕೆ ಹಿಡಿಯುವವರಿಲ್ಲದೆ ಒಂದೇ ಚಕ್ರದ ಮೇಲೆ ನಿಲ್ಲುವ ಗ್ಲೈಡರ್ ಏರುವುದು ಹೇಗೆ? ನೀವು ಏರುವಾಗ ಓಡಿದವನು ಇನ್ನೊಬ್ಬ ಸದಸ್ಯನೇ. ಅವನಿಗೂ ಸಂಬಳವಿಲ್ಲ.

ಕೆಂಪು ದಾರ | ರಾತ್ರಿ 9.58

ಹೊಸ ರೆಕ್ಕೆಯವರೇ, ನಾನು ಬೋಧಕಿ. ಹನ್ನೊಂದು ವರ್ಷದಿಂದ ಹಿಂದಿನ ಸೀಟಿನಲ್ಲಿ ಕುಳಿತು ಬೇರೆಯವರ ತಲೆಯ ಹಿಂಭಾಗ ನೋಡುತ್ತಿದ್ದೇನೆ. ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಮುಖ್ಯವಾದದ್ದು ಅದೊಂದೇ.

ವಿಂಚಿನಲ್ಲಿ ಏರುವಾಗ ಮೂತಿ ದಿಗಂತಕ್ಕಿಂತ ಸುಮಾರು 45 ಡಿಗ್ರಿ ಮೇಲಿರುತ್ತದೆ. ಆ ಕೋನದಲ್ಲಿ ನಿಮ್ಮ ವೇಗವನ್ನು ಕಾಯುತ್ತಿರುವುದು ಕೇಬಲ್ ಒಂದೇ. ಅದು ಹೋಯಿತೆಂದರೆ ಬೆಟ್ಟ ಹತ್ತುವ ಸೈಕಲ್ಲಿನ ಸರಪಳಿ ಕಳಚಿದ ಹಾಗೆ. ಕೆ-21 (ಎರಡು ಸೀಟಿನ ತರಬೇತಿ ಗ್ಲೈಡರ್) ನೇರ ಹಾರಾಟದಲ್ಲಿ ಗಂಟೆಗೆ ಸುಮಾರು 65 ಕಿ.ಮೀ. ವೇಗಕ್ಕೆ ಇಳಿದರೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಗೆ ಎತ್ತುವ ಬಲ ಸಾಲದಾಗುತ್ತದೆ. ನೀವು 100ರಲ್ಲಿ ಏರುತ್ತಿದ್ದು, ಮೂತಿಯನ್ನು ಹಾಗೆಯೇ ಬಿಟ್ಟರೆ ಆ 35 ಕಿ.ಮೀ. ಸೋರಿಹೋಗಲು ಒಂದೆರಡು ಸೆಕೆಂಡು ಸಾಕು. ಆದ್ದರಿಂದ ಮೂತಿಯನ್ನು ‘ಒಂದಿಷ್ಟು’ ತಗ್ಗಿಸಿದರೆ ಸಾಲದು. ದಿಗಂತದ ಕೆಳಗೆ, ಸಾಮಾನ್ಯವಾಗಿ ಇಳಿಯಲು ಬರುವಾಗ ಇರುವುದಕ್ಕಿಂತಲೂ ಕೆಳಗೆ ಹೋಗಬೇಕು. ಹೋಗಿ, ಕಾಯಬೇಕು. ವೇಗದ ಮುಳ್ಳು ಇಳಿಯುವ ವೇಗವನ್ನು ಮುಟ್ಟುವವರೆಗೆ ತಿರುಗುವಂತಿಲ್ಲ, ನೀಲಿ ಹಿಡಿಕೆಯನ್ನು ಮುಟ್ಟುವಂತಿಲ್ಲ. ಅಷ್ಟು ಕಡಿಮೆ ವೇಗದಲ್ಲಿ ಏರ್‌ಬ್ರೇಕ್ ತೆರೆದರೆ ಇರುವ ಚೂರುಪಾರು ಎತ್ತುವ ಬಲವೂ ಹೋಗುತ್ತದೆ. ನಿಮ್ಮ ಬೋಧಕರು ‘ಬಿಡಿ’ ಎಂದದ್ದು ಅದಕ್ಕೇ.

ಮೊದಲ ಸಲ ನಾನು ಖಂಡಿತ ಹೇಳಿಯೇ ಮಾಡುತ್ತೇನೆ. ನಾನು ಮಾಡಿ ತೋರಿಸುತ್ತೇನೆ, ಆಮೇಲೆ ಅವರಿಂದ ಮಾಡಿಸುತ್ತೇನೆ. ನಂತರದವು ಹೇಳದೆಯೇ. ನಿಜವಾದ ಕೇಬಲ್ ಪತ್ರ ಬರೆದು ತುಂಡಾಗುವುದಿಲ್ಲವಲ್ಲ. ನಿಮಗೆ ಇದು ಮೊದಲನೆಯದೇ? ಬೆಳಿಗ್ಗೆ ಬ್ರೀಫಿಂಗ್‌ನಲ್ಲಿ ಏನೂ ಹೇಳಿರಲಿಲ್ಲವೇ?

ಹೊಸ ರೆಕ್ಕೆ | ರಾತ್ರಿ 10.06

ಮೇಡಂ, ಇದು ಎರಡನೆಯದು. ಮೊದಲನೆಯದನ್ನು ಹೋದ ವಾರ ಅವರೇ ಮಾಡಿ ತೋರಿಸಿದ್ದರು. ಇವತ್ತಿನ ಬ್ರೀಫಿಂಗ್‌ನಲ್ಲಿ ‘ಇಂದು ಯಾವಾಗ ಬೇಕಾದರೂ ಕೇಬಲ್ ಹೋಗಬಹುದು, ಸಿದ್ಧರಾಗಿರಿ’ ಎಂದು ಹೇಳಿದ್ದರಂತೆ. ಆದರೆ ಆ ಹೊತ್ತಿಗೆ ನಾನು ಕೇಬಲ್ ಎಳೆಯುವ ಗಾಡಿಯಲ್ಲಿದ್ದೆ.

ನೇರಮಾತು | ರಾತ್ರಿ 10.08

ನೋಡಿ! ಬಿಟ್ಟಿ ದುಡಿಮೆಗೆ ಕಳುಹಿಸಿದ್ದರಿಂದಲೇ ಪಾಠ ತಪ್ಪಿತು. ನಾನು ಇನ್ನೇನು ಹೇಳಬೇಕು?

ಕೆಂಪು ದಾರ | ರಾತ್ರಿ 10.15

ಇದನ್ನು ಮಾತ್ರ ನಾನು ಸಮರ್ಥಿಸುವುದಿಲ್ಲ. ಬ್ರೀಫಿಂಗ್ ಮುಗಿಯುವವರೆಗೆ ಯಾರನ್ನೂ ಯಾವ ಕೆಲಸಕ್ಕೂ ಕಳುಹಿಸಬಾರದು. ಕೇಬಲ್ ಹತ್ತು ನಿಮಿಷ ತಡವಾಗಿ ಬಂದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಹೊಸ ರೆಕ್ಕೆಯವರೇ, ಹಿಂತಿರುಗಿದ ಮೇಲೆ ‘ಏನು ಹೇಳಿದಿರಿ ಸರ್?’ ಎಂದು ನೀವೂ ಕೇಳಬಹುದಿತ್ತು.

ಹ್ಯಾಂಗರ್ ಬೀಗ | ರಾತ್ರಿ 10.20

ಎಲ್ಲರೂ ದೊಡ್ಡ ವಿಷಯ ಮಾತನಾಡುತ್ತಿದ್ದೀರಿ. ನನ್ನದೊಂದು ಚಿಕ್ಕ ಪ್ರಶ್ನೆ. ನಾಲ್ಕು ಗಂಟೆಗೆ ಹೊರಟುಹೋದಿರಿ. ಆ ನಾಲ್ಕು ಗ್ಲೈಡರುಗಳನ್ನು ಒಳಗೆ ಹಾಕಿದವರು ಯಾರು?

ಹೊಸ ರೆಕ್ಕೆ | ರಾತ್ರಿ 10.24

ನಿಜ. ತಪ್ಪಾಯಿತು. ಹೇಳಿಯೇ ಹೊರಟಿದ್ದೆ, ಆದರೂ.

ಹ್ಯಾಂಗರ್ ಬೀಗ | ರಾತ್ರಿ 10.25

ಹೇಳಿ ಹೋದವರ ಹೆಸರೇ ಆಮೇಲೆ ಜಾಸ್ತಿ ಕೇಳಿಬರುವುದು.

ಭೌತಶಾಸ್ತ್ರದ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6.40

ಕೆಂಪು ದಾರ ಮೇಡಂ ಹೇಳಿದ್ದು ಸರಿ. ಒಂದು ಎಳೆ ಸೇರಿಸುತ್ತೇನೆ. ಮೂತಿಯನ್ನು ಬೇಗನೆ ತಗ್ಗಿಸಿದಾಗ ಹೊಟ್ಟೆ ಗಂಟಲಿಗೆ ಬಂದಂತಾಗುತ್ತದೆ, ಸೀಟಿನಿಂದ ತೇಲಿದಂತಾಗುತ್ತದೆ. ಹೊಸಬರಲ್ಲಿ ಕೆಲವರು ಇದನ್ನೇ ಸ್ಟಾಲ್ ಎಂದು ತಿಳಿದು ಸ್ಟಿಕ್ಕನ್ನು (ಗ್ಲೈಡರನ್ನು ನಿಯಂತ್ರಿಸುವ ಕೋಲು) ಇನ್ನೂ ಮುಂದಕ್ಕೆ ತಳ್ಳುತ್ತಾರೆ. ತಳ್ಳಿದಷ್ಟೂ ತೇಲುವಿಕೆ ಹೆಚ್ಚಾಗುತ್ತದೆ, ಹೆಚ್ಚಾದಷ್ಟೂ ತಳ್ಳುತ್ತಾರೆ. ಹೀಗೆ ನೆಲಕ್ಕೆ ಮೂಗು ಮಾಡಿದ ಅಪಘಾತಗಳು ಗ್ಲೈಡಿಂಗ್ ಇತಿಹಾಸದಲ್ಲಿ ಇವೆ.

ವಾಸ್ತವದಲ್ಲಿ ಆ ಕ್ಷಣದಲ್ಲಿ ರೆಕ್ಕೆ ಹೊರುತ್ತಿರುವ ಭಾರವೇ ಕಡಿಮೆ, ಹಾಗಾಗಿ ಸ್ಟಾಲ್ ಆಗುವ ವೇಗವೂ ಕಡಿಮೆ. ಮುಳ್ಳು 60 ತೋರಿಸಿದರೂ ಗ್ಲೈಡರ್ ಇನ್ನೂ ಹಾರುತ್ತಿರುತ್ತದೆ. ಅಪಾಯ ಶುರುವಾಗುವುದು ನೀವು ಮತ್ತೆ ಮೂತಿ ಎತ್ತಿ ರೆಕ್ಕೆಯ ಮೇಲೆ ಪೂರ್ತಿ ಭಾರ ಹೊರಿಸಿದಾಗ. ಆದ್ದರಿಂದ ಹೊಟ್ಟೆಯ ಮಾತು ಕೇಳಬೇಡಿ, ಮುಳ್ಳಿನ ಮಾತು ಕೇಳಿ.

ನೇರಮಾತು | ಬೆಳಿಗ್ಗೆ 7.15

ಮೇಷ್ಟ್ರೇ, ನಿಮ್ಮ ಪಾಠ ಚೆನ್ನಾಗಿದೆ. ಆದರೆ 120 ಮೀಟರ್ ಎತ್ತರದಲ್ಲಿ ಇದನ್ನೆಲ್ಲ ಯೋಚಿಸಲು ಯಾರಿಗೆ ಪುರುಸೊತ್ತು?

ಭೌತಶಾಸ್ತ್ರದ ಮೇಷ್ಟ್ರು | ಬೆಳಿಗ್ಗೆ 7.19

ಅದಕ್ಕೇ ನೆಲದ ಮೇಲೆ ಯೋಚಿಸುವುದು. ಪುರುಸೊತ್ತಿಗೇನು, ಒಂಬತ್ತು ಗಂಟೆ ಇದೆಯಲ್ಲ.

ಕಾಗದದ ಗಿಳಿ | ಬೆಳಿಗ್ಗೆ 8.02

ಇಷ್ಟೆಲ್ಲ ತಾಪತ್ರಯ ಯಾಕೆ? ವಿಂಚ್ ಬಿಟ್ಟು ವಿಮಾನದ ಹಿಂದೆ ಕಟ್ಟಿಸಿಕೊಂಡು ಹೋಗಿ. 600 ಮೀಟರ್ ಮೇಲಕ್ಕೆ ಬಿಟ್ಟರೆ ಏನಿಲ್ಲವೆಂದರೂ ಹನ್ನೆರಡು ಹದಿನೈದು ನಿಮಿಷ ಸಿಗುತ್ತದೆ. ಒಂದೇ ಹಾರಾಟದಲ್ಲಿ ನಿಮ್ಮ ಭಾನುವಾರ ಮುಗಿಯಿತು.

ವಿಂಚ್ ಕೂಲಿ | ಬೆಳಿಗ್ಗೆ 8.10

ಬಿಲ್ಲೂ ಹಾಗೆಯೇ ಮೇಲಕ್ಕೆ ಹೋಗುತ್ತದೆ.

ಮೋಡದಡಿ | ಬೆಳಿಗ್ಗೆ 8.44

ಎರಡಕ್ಕೂ ಅದರದರ ಕೆಲಸವಿದೆ. ತಿರುವು, ಸ್ಟಾಲ್, ಸ್ಪಿನ್ (ಸ್ಟಾಲ್ ಆಗಿ ಸುತ್ತುತ್ತಾ ಬೀಳುವುದು) ಇವನ್ನು ಕಲಿಯಲು ಎತ್ತರ ಬೇಕು, ಅಲ್ಲಿ ಎಳೆಯುವ ವಿಮಾನವೇ ಸರಿ. ಏರುವುದು, ಸರ್ಕ್ಯೂಟ್ (ಇಳಿಯುವ ಮೊದಲು ಮೈದಾನದ ಬದಿಯಲ್ಲಿ ಹಾಕುವ ಸುತ್ತು) ಸುತ್ತುವುದು, ಇಳಿಯುವುದು ಕೈಗೆ ಹತ್ತಬೇಕಾದರೆ ವಿಂಚಿಗೆ ಸಮ ಇಲ್ಲ. ಸಾವಿರ ಮೀಟರ್ ಕೇಬಲ್ ಹಾಕಿದರೆ ಮುನ್ನೂರು ಮುನ್ನೂರೈವತ್ತು ಮೀಟರ್ ಎತ್ತರ ಸಿಗುತ್ತದೆ. ಅರ್ಧ ನಿಮಿಷ ಮುಕ್ಕಾಲು ನಿಮಿಷದಲ್ಲಿ ಮೇಲೆ, ಐದು ನಿಮಿಷದಲ್ಲಿ ಕೆಳಗೆ. ಆ ಐದು ನಿಮಿಷದಲ್ಲಿ ಒಂದು ಪೂರ್ತಿ ಇಳಿಯುವಿಕೆ. ವಿಮಾನದ ಹಿಂದೆ ಹೋಗಿ ಅರ್ಧ ಗಂಟೆ ತೇಲಿದರೂ ಇಳಿಯುವುದು ಒಂದೇ ಸಲ ತಾನೇ?

ಹೊಸ ರೆಕ್ಕೆಯವರು ನಿಮಿಷ ಎಣಿಸುತ್ತಿದ್ದಾರೆ. ಇಳಿದದ್ದನ್ನು ಎಣಿಸಲಿ.

ಕಾಗದದ ಗಿಳಿ | ಬೆಳಿಗ್ಗೆ 8.50

ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಹಾಕಿಕೊಂಡರೆ ದಿನಕ್ಕೆ ಮೂವತ್ತು ಸಲ ಇಳಿಯಬಹುದು, ರೆಕ್ಕೆಯನ್ನೂ ಹಿಡಿಯಬೇಕಿಲ್ಲ.

ಮೋಡದಡಿ | ಬೆಳಿಗ್ಗೆ 9.05

ಸರ್ಕ್ಯೂಟಿನ ಕ್ರಮ, ಕೇಬಲ್ ಹೋದಾಗ ಏನು ಮಾಡಬೇಕೆಂಬ ಕ್ರಮ, ಇವಕ್ಕೆ ಸಿಮ್ಯುಲೇಟರ್ ನಿಜಕ್ಕೂ ಒಳ್ಳೆಯದು, ಅಲ್ಲಗಳೆಯುವುದಿಲ್ಲ. ಆದರೆ ಮೇಷ್ಟ್ರು ಹೇಳಿದ ‘ಹೊಟ್ಟೆ ಗಂಟಲಿಗೆ ಬರುವುದು’ ಮೇಜಿನ ಮುಂದೆ ಕುಳಿತವನಿಗೆ ಬರುವುದಿಲ್ಲ. ಇನ್ನೊಂದು ತೊಂದರೆ, ಅಲ್ಲಿ ಕಲಿತು ಬಂದವರು ಕಣ್ಣನ್ನು ಉಪಕರಣಗಳ ಮೇಲೇ ನೆಟ್ಟಿರುತ್ತಾರೆ. ಹೊರಗೆ ನೋಡಿ ಎಂದು ಹೇಳಿ ಹೇಳಿ ಬೋಧಕರ ಗಂಟಲು ಒಣಗುತ್ತದೆ.

ಕೆಂಪು ದಾರ | ಬೆಳಿಗ್ಗೆ 9.30

ಒಣಗಿದೆ.

ಎಡವಟ್ಟು ರಡ್ಡರ್ | ಬೆಳಿಗ್ಗೆ 10.12

ನನ್ನದು 31ನೇ ಹಾರಾಟ. ನನಗೆ ಕೇಬಲ್ ಭಯವಿಲ್ಲ, ತಿರುವಿನದೇ ಗೋಳು. ಸ್ಟಿಕ್ಕನ್ನು ಬಲಕ್ಕೆ ಒತ್ತಿದರೆ ರೆಕ್ಕೆ ಬಲಕ್ಕೆ ವಾಲುತ್ತದೆ, ಮೂತಿ ಮಾತ್ರ ಎಡಕ್ಕೆ ಹೋಗುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಕ್ಯಾನಪಿಯ, ಅಂದರೆ ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳದ ಮೇಲಿನ ಕೆಂಪು ದಾರ (ಮೇಡಂ ಅಲ್ಲ, ಗಾಳಿ ಯಾವ ಕಡೆಯಿಂದ ಬರುತ್ತಿದೆಯೆಂದು ತೋರಿಸುವ ಉಣ್ಣೆಯ ದಾರ) ಗಡಿಯಾರದ ಮುಳ್ಳಿನಂತೆ ಒಂದು ಪಕ್ಕಕ್ಕೆ ನಿಂತುಬಿಡುತ್ತದೆ. ಎಲ್ಲರಿಗೂ ಹೀಗೆಯೇ?

ಕೆಂಪು ದಾರ | ಬೆಳಿಗ್ಗೆ 10.40

ಎಲ್ಲರಿಗೂ. ಬಲಕ್ಕೆ ವಾಲುವಾಗ ಎಡ ರೆಕ್ಕೆಯ ಏಲೆರಾನ್ (ರೆಕ್ಕೆಯ ಹಿಂದಂಚಿನ ಆಡುವ ಫಲಕ) ಕೆಳಗಿಳಿದು ಆ ರೆಕ್ಕೆಯನ್ನು ಎತ್ತುತ್ತದೆ. ಎತ್ತುವುದರ ಜೊತೆಗೆ ಹಿಂದಕ್ಕೂ ಜಗ್ಗುತ್ತದೆ, ಅದಕ್ಕೇ ಮೂತಿ ಎಡಕ್ಕೆ ಹೋಗುವುದು. ಗ್ಲೈಡರಿನ ರೆಕ್ಕೆ ಬಹಳ ಉದ್ದ, ಕೆ-21ಕ್ಕೆ 17 ಮೀಟರ್. ತುದಿಯಲ್ಲಿ ಹಿಡಿದು ಜಗ್ಗಿದರೆ ಪರಿಣಾಮ ಹೆಚ್ಚು. ಸ್ಟಿಕ್ ಬಲಕ್ಕೆ ಹೋಗುವಾಗಲೇ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲಿನ ಮೇಲಿನ ಬಲಗಾಲೂ ಹೋಗಬೇಕು, ಆಮೇಲಲ್ಲ. ದಾರ ಎಡಕ್ಕೆ ನಿಂತರೆ ಬಲಗಾಲು ಒತ್ತಿ, ಬಲಕ್ಕೆ ನಿಂತರೆ ಎಡಗಾಲು.

ಅಷ್ಟು ದುಬಾರಿ ಯಂತ್ರದಲ್ಲಿ ಅತ್ಯಂತ ನಂಬಿಕಸ್ಥ ಉಪಕರಣ ಒಂದು ಗೇಣು ಉಣ್ಣೆಯ ದಾರ. ರೈಟ್ ಸಹೋದರರೂ ಕಣ್ಣೆದುರಿಗೆ ಇಂಥದೇ ದಾರ ಕಟ್ಟಿಕೊಂಡಿದ್ದರು.

ಹದ್ದಿನ ಹಿಂದೆ | ಮಧ್ಯಾಹ್ನ 12.50

ಯಾರೂ ಥರ್ಮಲ್ (ಗ್ಲೈಡರನ್ನು ಮೇಲಕ್ಕೆತ್ತುವ ಬಿಸಿಗಾಳಿ) ಸುದ್ದಿಯನ್ನೇ ಎತ್ತುತ್ತಿಲ್ಲವಲ್ಲ! 11.20ರ ಹಾರಾಟ ಆರು ನಿಮಿಷಕ್ಕೆ ಮುಗಿದದ್ದು ಸಹಜ, ನೆಲ ಆಗ ತಾನೇ ಕಾಯುತ್ತಿರುತ್ತದೆ. ಆದರೆ ಮಧ್ಯಾಹ್ನದ್ದು ಐದೇ ನಿಮಿಷಕ್ಕೆ ಮುಗಿಯಿತೆಂದರೆ ನನಗೆ ಸಂಕಟವಾಗುತ್ತದೆ. ಹೊಸ ರೆಕ್ಕೆಯವರೇ, ಆಗ ಮೇಲೆ ಹದ್ದುಗಳಿದ್ದವೇ? ಮೋಡದ ತಳ ಚಪ್ಪಟೆಯಾಗಿತ್ತೇ?

ಉತ್ತ ಕಪ್ಪು ನೆಲ ಬೇಗ ಕಾಯುತ್ತದೆ, ಪಕ್ಕದ ಹಸಿರು ನಿಧಾನ. ಕಾದ ಗಾಳಿ ಅಲ್ಲಿಂದ ಮೇಲೇಳುತ್ತದೆ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೆ ಹೋಗುತ್ತಿದ್ದರೆ ಅಲ್ಲಿಗೆ ಹೋಗಿ, ಕಣ್ಣು ಮುಚ್ಚಿಕೊಂಡು ಹೋಗಿ. ನಮ್ಮ ವೇರಿಯೋಮೀಟರ್ ‘ಏರುತ್ತಿದ್ದೀರಿ’ ಎಂದು ಕೂಗುವ ಹೊತ್ತಿಗೆ ಅದು ನಮಗಿಂತ ನೂರು ಮೀಟರ್ ಮೇಲಿರುತ್ತದೆ. ಒಮ್ಮೆ ಒಂದು ಹದ್ದು ನನ್ನ ರೆಕ್ಕೆಯ ತುದಿಯಾಚೆಯೇ ನಾಲ್ಕು ಸುತ್ತು ಬಂತು. ಪ್ರತಿ ಸುತ್ತಿಗೂ ತಲೆ ತಿರುಗಿಸಿ ನೋಡುತ್ತಿತ್ತು. ಐದನೆಯ ಸುತ್ತಿಗೆ ಬೇಸರವಾಗಿ ಎಲ್ಲಿಗೋ ಹೋಯಿತು. ಅದು ಹೋದ ಮೇಲೆ ನನ್ನ ಥರ್ಮಲ್ಲೂ ಹೋಯಿತು.

ಮೋಡದಡಿ | ಮಧ್ಯಾಹ್ನ 1.04

‘ಕಣ್ಣು ಮುಚ್ಚಿಕೊಂಡು’ ಎಂಬುದನ್ನು ಹೊಸಬರು ಅಕ್ಷರಶಃ ತೆಗೆದುಕೊಳ್ಳಬೇಡಿ. ಥರ್ಮಲ್ಲಿನಲ್ಲಿ ಆಗಲೇ ಒಂದು ಗ್ಲೈಡರ್ ಇದ್ದರೆ ಅದು ಸುತ್ತುವ ದಿಕ್ಕಿನಲ್ಲೇ ನೀವೂ ಸುತ್ತಬೇಕು. ಮೊದಲು ಬಂದವರದೇ ದಿಕ್ಕು.

ಹದ್ದಿನ ಹಿಂದೆ | ಮಧ್ಯಾಹ್ನ 1.07

ಹದ್ದುಗಳಿಗೆ ಈ ನಿಯಮ ಗೊತ್ತಿಲ್ಲ.

ಹೊಸ ರೆಕ್ಕೆ | ಮಧ್ಯಾಹ್ನ 1.30

ಹದ್ದು ಇತ್ತೋ ಇಲ್ಲವೋ ನೋಡಲಿಲ್ಲ. ಆ ಹೊತ್ತಿನಲ್ಲಿ ನಾನು ದಾರವನ್ನು ನೋಡುತ್ತಿದ್ದೆ, ವೇಗ ನೋಡುತ್ತಿದ್ದೆ, ರನ್‌ವೇ ಎಲ್ಲಿ ಹೋಯಿತೆಂದು ಹುಡುಕುತ್ತಿದ್ದೆ.

ಹದಿನಾಲ್ಕರ ತಾಯಿ | ಮಧ್ಯಾಹ್ನ 3.18

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮಗಳಿಗೆ ಹದಿನಾಲ್ಕು. ಸೇರಿಯೇ ತೀರುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನೀವೆಲ್ಲ ಕೇಬಲ್ ತುಂಡಾಗುವುದನ್ನು ಮಳೆ ಬಂದಷ್ಟು ಸಲೀಸಾಗಿ ಮಾತನಾಡುತ್ತಿದ್ದೀರಿ. ನಿಜವಾಗಿಯೂ ತುಂಡಾಗುತ್ತದೆಯೇ? ಗುಂಡಿ ಎಳೆದರೂ ಕೇಬಲ್ ಬಿಡದಿದ್ದರೆ?

ವಿಂಚ್ ಕೂಲಿ | ಮಧ್ಯಾಹ್ನ 3.41

ತಾಯಿ, ಇದು ನನ್ನ ಕಸುಬು, ನಾನೇ ಹೇಳುತ್ತೇನೆ. ಆಗಾಗ ತುಂಡಾಗುತ್ತದೆ. ಎಷ್ಟೋ ಸಲ ಹೋಗುವುದು ಕೇಬಲ್ ಅಲ್ಲ, ವೀಕ್ ಲಿಂಕ್. ಗ್ಲೈಡರಿಗೂ ಕೇಬಲ್ಲಿಗೂ ನಡುವೆ ಬೇಕೆಂದೇ ದುರ್ಬಲವಾಗಿ ಮಾಡಿದ ಒಂದು ಲೋಹದ ಕೊಂಡಿ ಇರುತ್ತದೆ. ಎಳೆತ ಮಿತಿ ಮೀರಿದರೆ ಗ್ಲೈಡರಿನ ರೆಕ್ಕೆಗೆ ಪೆಟ್ಟಾಗುವ ಬದಲು ಅದು ಮುರಿಯುತ್ತದೆ. ಯಾವ ಗ್ಲೈಡರಿಗೆ ಯಾವ ಕೊಂಡಿ ಎಂದು ಬಣ್ಣದಿಂದ ಗುರುತಿಸುತ್ತೇವೆ. ಅಂದರೆ ಮುರಿಯುವುದೇ ಅದರ ಕೆಲಸ.

ಗುಂಡಿ ಕೈಕೊಟ್ಟರೆ? ಗ್ಲೈಡರ್ ವಿಂಚಿನ ತಲೆಯ ಮೇಲೆ ಹೋಗುವ ಹೊತ್ತಿಗೆ ಕೇಬಲ್ ಹಿಂದಕ್ಕೆ ಜಗ್ಗುತ್ತದೆ, ಆಗ ಕೊಕ್ಕೆ ತಾನಾಗಿಯೇ ಬಾಯಿ ಬಿಡುತ್ತದೆ. ಅದೂ ಬಿಡದಿದ್ದರೆ ಕೇಬಲ್ಲನ್ನು ಕತ್ತರಿಸುವ ಕತ್ತಿಯೊಂದು ವಿಂಚಿನಲ್ಲೇ ಇದೆ. ನಾನು ಇಷ್ಟು ವರ್ಷದಲ್ಲಿ ಅದನ್ನು ಪರೀಕ್ಷೆಗಲ್ಲದೆ ಬೇರಾವುದಕ್ಕೂ ಬಳಸಿಲ್ಲ.

ನನಗೆ ಭಯವಾಗುವುದು ಬೇರೆ ಜಾಗದಲ್ಲಿ. ಗ್ಲೈಡರ್ ಇನ್ನೂ ನೆಲದಲ್ಲಿ ಓಡುತ್ತಿರುವಾಗ ಒಂದು ರೆಕ್ಕೆ ಕೆಳಗೆ ಬಾಗಿ ಹುಲ್ಲಿಗೆ ತಗುಲಿದರೆ, ಆ ರೆಕ್ಕೆಯನ್ನೇ ಅಚ್ಚು ಮಾಡಿಕೊಂಡು ಇಡೀ ಗ್ಲೈಡರ್ ಮಗುಚಬಹುದು. ಅದಕ್ಕೇ ಹೊರಡುವಾಗ ಎಡಗೈ ಹಳದಿ ಗುಂಡಿಯ ಮೇಲೇ ಇರಬೇಕು. ರೆಕ್ಕೆಯನ್ನು ಮಟ್ಟವಾಗಿ ಹಿಡಿಯಲು ಆಗುತ್ತಿಲ್ಲ ಎನಿಸಿದ ಕ್ಷಣ ಎಳೆಯಬೇಕು, ರೆಕ್ಕೆ ನೆಲ ಮುಟ್ಟಲಿ ಎಂದು ಕಾಯಬಾರದು. ಮಗಳನ್ನು ಕಳುಹಿಸುವ ಮೊದಲು ಕ್ಲಬ್ಬಿಗೆ ಹೋಗಿ ಹೊರಡುವ ಜಾಗದಲ್ಲಿ ಒಂದು ಗಂಟೆ ನಿಂತು ನೋಡಿ. ಪ್ರತಿಯೊಬ್ಬರ ಎಡಗೈ ಎಲ್ಲಿದೆ ಎಂದು ನೋಡಿ. ಕ್ಲಬ್ ಎಂಥದೆಂದು ಗೊತ್ತಾಗುತ್ತದೆ.

ಕೆಂಪು ದಾರ | ಸಂಜೆ 4.10

ಬ್ರಿಟನ್, ಅಮೆರಿಕಗಳಲ್ಲಿ ಹದಿನಾಲ್ಕಕ್ಕೇ ಗ್ಲೈಡರಿನಲ್ಲಿ ಒಬ್ಬರೇ ಹಾರಲು ಅನುಮತಿ ಇದೆ. ಮಗಳ ತೂಕ ಮಾತ್ರ ನೋಡಿಕೊಳ್ಳಿ. ಮುಂದಿನ ಸೀಟಿನ ಕನಿಷ್ಠ ತೂಕ ಕಾಕ್‌ಪಿಟ್ಟಿನ ಫಲಕದಲ್ಲಿ ಬರೆದಿರುತ್ತದೆ. ಅದಕ್ಕಿಂತ ಹಗುರವಿದ್ದರೆ ಭಾರದ ಬಿಲ್ಲೆಗಳನ್ನು ಇಡಬೇಕು. ಮುಂಭಾಗ ಹಗುರವಾದರೆ ಗ್ಲೈಡರ್ ಸ್ಪಿನ್ನಿನಿಂದ ಹೊರಬರುವುದು ಕಷ್ಟ. ಇದನ್ನು ಮಗಳೇ ಪ್ರತಿ ಸಲ ಕೇಳಿ ಖಚಿತಪಡಿಸಿಕೊಳ್ಳಲಿ, ನಾಚಿಕೊಳ್ಳುವುದು ಬೇಡ.

ಹದಿನಾಲ್ಕರ ತಾಯಿ | ಸಂಜೆ 4.15

ಧನ್ಯವಾದ. ಸಮಾಧಾನವಾಯಿತು ಎನ್ನಲಾರೆ. ಆದರೆ ಹೋಗಿ ನಿಂತು ನೋಡುತ್ತೇನೆ.

ಜಂಬೋ ಜೆಟ್ | ಸಂಜೆ 6.02

ತಾಯಿಯವರೇ, ಗ್ಲೈಡರ್ ಕಲಿತವರೇ ನಿಜವಾದ ಪೈಲಟ್‌ಗಳು. 1983ರಲ್ಲಿ ಕೆನಡಾದಲ್ಲಿ ಬೋಯಿಂಗ್ 767 ಒಂದರ ಇಂಧನ ಆಕಾಶದಲ್ಲೇ ಖಾಲಿಯಾಯಿತು. ಲೀಟರ್ ಎಂದುಕೊಂಡು ಗ್ಯಾಲನ್ ಲೆಕ್ಕದಲ್ಲಿ ತುಂಬಿದ್ದರು. ಕ್ಯಾಪ್ಟನ್ ಗ್ಲೈಡರ್ ಪೈಲಟ್ ಆಗಿದ್ದರಿಂದ ಎಲ್ಲರೂ ಉಳಿದರು. ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದ ಕ್ಯಾಪ್ಟನ್ ಸಲನ್‌ಬರ್ಗರ್ ಕೂಡ ಗ್ಲೈಡರ್ ಪೈಲಟ್.

ಭೌತಶಾಸ್ತ್ರದ ಮೇಷ್ಟ್ರು | ಸಂಜೆ 6.30

ಲೀಟರ್, ಗ್ಯಾಲನ್ ಅಲ್ಲ. ಕಿಲೋಗ್ರಾಂ ಬದಲು ಪೌಂಡ್. ಒಂದು ಲೀಟರ್ ಇಂಧನದ ತೂಕ ಸುಮಾರು 0.8 ಕಿಲೋ. ಅವರು 1.77 ಎಂಬ ಅಂಕಿ ಹಾಕಿ ಗುಣಿಸಿದರು, ಅದು ಪೌಂಡಿನ ಅಂಕಿ. ಹೀಗಾಗಿ ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನವಿತ್ತು. ನನ್ನ ವಿದ್ಯಾರ್ಥಿಗಳು ಉತ್ತರದ ಮುಂದೆ ಮಾನ ಬರೆಯದಿದ್ದರೆ ಪ್ರತಿ ವರ್ಷ ಈ ಕಥೆ ಹೇಳುತ್ತೇನೆ.

ಕ್ಯಾಪ್ಟನ್ ಬಾಬ್ ಪಿಯರ್ಸನ್ ಗ್ಲೈಡರ್ ಪೈಲಟ್ ಆಗಿದ್ದದ್ದು ನಿಜ. ಗಿಮ್ಲಿಯ ಹಳೆಯ ವಾಯುನೆಲೆಗೆ ಇಳಿಯುವಾಗ ಎತ್ತರ ಹೆಚ್ಚಾಗಿತ್ತು. ವಿಮಾನವನ್ನು ಒಂದು ರೆಕ್ಕೆ ಕೆಳಗೆ ಮಾಡಿ ಪಕ್ಕಕ್ಕೆ ಜಾರಿಸಿ ಎತ್ತರ ಕಳೆದರು. ನಾವು ಏರ್‌ಬ್ರೇಕ್ ಸಾಲದಾದಾಗ ಮಾಡುವ ಸೈಡ್‌ಸ್ಲಿಪ್ ಅದೇ. 69 ಜನರೂ ಉಳಿದರು.

ಹಡ್ಸನ್ ವಿಷಯದಲ್ಲಿ ಮಾತ್ರ ಅವಸರ ಬೇಡ. ತಮ್ಮ ಗ್ಲೈಡರ್ ಅನುಭವ ಬಹಳ ಹಳೆಯದು, ಅದರಿಂದ ಅಂದು ಸಿಕ್ಕ ನೆರವು ಹೆಚ್ಚೇನಲ್ಲ ಎಂಬ ಅರ್ಥದ ಮಾತನ್ನು ಸ್ವತಃ ಸಲನ್‌ಬರ್ಗರ್ ಅವರೇ ಹೇಳಿದ್ದಾರೆ.

ಜಂಬೋ ಜೆಟ್ | ಸಂಜೆ 6.34

ಅವರು ವಿನಯದಿಂದ ಹೇಳಿರುತ್ತಾರೆ.

ಹಳೆಯ ಲಾಗ್‌ಬುಕ್ | ರಾತ್ರಿ 8.20

ಮೊದಲ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರಿಸಲಿಲ್ಲ, ಹಾಗಾಗಿ ನಾನು ಬಂದೆ.

ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ 1891ರಿಂದ 1896ರವರೆಗೆ ತಾನೇ ಕಟ್ಟಿದ ಗ್ಲೈಡರುಗಳಲ್ಲಿ ಗುಡ್ಡದಿಂದ ಹಾರಿದರು. ಅವರು ಮಾಡಿದ ಹಾರಾಟಗಳು ಎರಡು ಸಾವಿರದಷ್ಟು. ವಿಲ್ಬರ್ ರೈಟ್ 1901ರಲ್ಲಿ ಶಿಕಾಗೋದಲ್ಲಿ ಇಂಜಿನಿಯರುಗಳ ಮುಂದೆ ಮಾತನಾಡುವಾಗ ಈ ಲೆಕ್ಕ ತೆಗೆದರು: ಐದು ವರ್ಷ ದುಡಿದ ಆ ಮನುಷ್ಯ ನಿಜವಾಗಿ ಗಾಳಿಯಲ್ಲಿದ್ದದ್ದು ಎಲ್ಲ ಸೇರಿ ಐದು ಗಂಟೆ. ಅವರು ಸಾಧಿಸಿದ್ದು ಅಷ್ಟು ಕಡಿಮೆ ಎಂಬುದಲ್ಲ, ಅಷ್ಟು ಕಡಿಮೆ ಹೊತ್ತಿನಲ್ಲಿ ಅಷ್ಟು ಸಾಧಿಸಿದರಲ್ಲ ಎಂಬುದೇ ವಿಲ್ಬರ್‌ಗೆ ಅಚ್ಚರಿ.

ಹೊಸ ರೆಕ್ಕೆಯವರೇ, ಭಾನುವಾರಕ್ಕೆ ಹದಿಮೂರು ನಿಮಿಷದಂತೆ ಹೋದರೆ ನೀವು ಇಪ್ಪತ್ತನಾಲ್ಕನೇ ಭಾನುವಾರ ಲಿಲಿಯೆಂಥಾಲರನ್ನು ದಾಟುತ್ತೀರಿ. ಗುಡ್ಡಕ್ಕೆ ಗ್ಲೈಡರ್ ಹೊತ್ತುಕೊಂಡು ಹತ್ತುವ ಕೆಲಸವೂ ಇಲ್ಲ.

24 ಹಾರಾಟಕ್ಕೆ ಸೋಲೋ ಆಗಿಲ್ಲವೆಂದು ಕೊರಗುವುದು ಬಿಡಿ. ನಮ್ಮಲ್ಲಿ ನಲವತ್ತಕ್ಕೆ ಹೋದವರಿದ್ದಾರೆ, ನೂರು ದಾಟಿದವರೂ ಇದ್ದಾರೆ. ನನ್ನದು 87. ಆ ದಿನ ಬೋಧಕರು ಇಳಿದು, ಖಾಲಿ ಸೀಟಿನ ಬೆಲ್ಟ್ ಬಿಗಿದು, ಏನೂ ಹೇಳದೆ ನಡೆದುಹೋದರು. ಹಿಂದಿನ ಸೀಟಿನ ಭಾರ ಇಲ್ಲದ ಗ್ಲೈಡರ್ ಹೇಗೆ ಚಿಮ್ಮುತ್ತದೆ ಎಂದು ಯಾರು ಎಷ್ಟು ಸಲ ಹೇಳಿದ್ದರೂ ನಂಬಿರಲಿಲ್ಲ. ಇಳಿಯುವಾಗಲೂ ಅಷ್ಟೇ, ನೆಲ ಮುಟ್ಟಲು ಒಲ್ಲೆ ಎನ್ನುತ್ತಾ ತೇಲಿಕೊಂಡೇ ಹೋಯಿತು. ಗ್ಲೈಡರನ್ನು ತಳ್ಳಿಕೊಂಡು ಬರಲು ಇಡೀ ಮೈದಾನದ ಉದ್ದ ನಡೆಯಬೇಕಾಯಿತು. ಯಾರೂ ಬೈಯಲಿಲ್ಲ.

ನೇರಮಾತು | ರಾತ್ರಿ 8.41

ಲಿಲಿಯೆಂಥಾಲ್ ಕೊನೆಗೆ ಏನಾದರು ಎಂಬುದನ್ನೂ ಹೇಳಿ.

ಹಳೆಯ ಲಾಗ್‌ಬುಕ್ | ರಾತ್ರಿ 8.45

1896ರ ಆಗಸ್ಟ್ 9ರಂದು ಗಾಳಿಯಲ್ಲಿ ಮೂತಿ ಮೇಲಕ್ಕೆದ್ದು, ವೇಗ ಕಳೆದು ಬಿದ್ದರು. ಮರುದಿನ ತೀರಿಕೊಂಡರು. ಅವರ ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ.

ನೇರಮಾತು | ರಾತ್ರಿ 8.52

ಸರಿ. ಮೂತಿ ತಗ್ಗಿಸುವ ವಿಷಯದಲ್ಲಿ ನನಗೆ ತಕರಾರಿಲ್ಲ, ಇರಲೂ ಇಲ್ಲ. ಬ್ರೀಫಿಂಗ್ ತಪ್ಪಿಸಿ ಕೇಬಲ್ ತರಲು ಕಳುಹಿಸಿದ್ದು ತಪ್ಪು. ಅದನ್ನು ಇತಿಹಾಸ ಹೇಳಿ ಮುಚ್ಚಬೇಡಿ.

ಕೆಂಪು ದಾರ | ರಾತ್ರಿ 9.00

ಮುಚ್ಚುತ್ತಿಲ್ಲ. ನೀವು ಹೇಳಿದ್ದು ಸರಿ. ಇದನ್ನು ಹೊಸ ರೆಕ್ಕೆಯವರು ತಮ್ಮ ಬೋಧಕರಿಗೂ ಹೇಳಲಿ. ಒಳ್ಳೆಯವರಾದರೆ ಕೇಳಿಸಿಕೊಳ್ಳುತ್ತಾರೆ.

ಹೊಸ ರೆಕ್ಕೆ | ಮುಂದಿನ ಭಾನುವಾರ, ರಾತ್ರಿ 10.30

ವರದಿ ಒಪ್ಪಿಸುತ್ತಿದ್ದೇನೆ. ಬೆಳಿಗ್ಗೆ ಬೋಧಕರಿಗೆ ಹೇಳಿದೆ. ಅವರು ಕ್ಷಣ ಹೊತ್ತು ಸುಮ್ಮನಿದ್ದು ‘ಹೌದು, ನಿಮ್ಮನ್ನು ಕಳುಹಿಸಬಾರದಿತ್ತು’ ಎಂದರು. ಇವತ್ತು ಎಲ್ಲರೂ ಬಂದು ನಿಂತ ಮೇಲೆಯೇ ಬ್ರೀಫಿಂಗ್ ಶುರುವಾಯಿತು.

ಮೊದಲ ಹಾರಾಟದಲ್ಲಿ ಕೇಬಲ್ ಹೋಗುತ್ತದೆ ಎಂದು ಮೈಯೆಲ್ಲ ಬಿಗಿ ಹಿಡಿದು ಕುಳಿತಿದ್ದೆ, ಹೋಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಆ ಟಪ್ ಸದ್ದು ಬಂತು. ಮೂತಿ ದಿಗಂತದ ಕೆಳಗೆ ಇಳಿಸಿದೆ. ಹೊಟ್ಟೆ ಗಂಟಲಿಗೆ ಬಂತು, ಮೇಷ್ಟ್ರು ನೆನಪಾದರು. ಮುಳ್ಳನ್ನು ಗಟ್ಟಿಯಾಗಿ ಓದಿದೆ: ಅರವತ್ತು, ಎಪ್ಪತ್ತೈದು, ತೊಂಬತ್ತು. ಮುಂದೆ ಮೈದಾನ ಬೇಕಾದಷ್ಟಿತ್ತು, ನೇರವಾಗಿ ಇಳಿಸಿದೆ. ನಾನೇ ಇಳಿಸಿದೆ. ನಿಂತ ಮೇಲೆ ಹಿಂದಿನಿಂದ ಪ್ರಶ್ನೆ ಬಂತು: ‘ಎಲ್ಲ ಸರಿ, ಹಳದಿ ಗುಂಡಿ ಎಳೆದಿರಾ?’ ಎಳೆದಿರಲಿಲ್ಲ. ನಿಜವಾಗಿ ತುಂಡಾಗಿದ್ದರೆ ಕೇಬಲ್ಲಿನ ಒಂದು ತುಂಡು ನೇತಾಡುತ್ತಾ ನಮ್ಮ ಜೊತೆಯಲ್ಲೇ ಇಳಿಯುತ್ತಿತ್ತು.

ಒಟ್ಟು 14 ನಿಮಿಷ. ಹ್ಯಾಂಗರ್ ಬಾಗಿಲು ಹಾಕುವವರೆಗೂ ಇದ್ದೆ. ಮಧ್ಯಾಹ್ನ ಎರಡು ಹದ್ದುಗಳಿದ್ದವು, ನೆಲದಿಂದ ನೋಡಿದೆ.

ಹ್ಯಾಂಗರ್ ಬೀಗ | ರಾತ್ರಿ 10.33

ಕೊನೆಯ ಎರಡು ವಾಕ್ಯಗಳಲ್ಲಿ ಮೊದಲನೆಯದು ನನಗೆ ಸಾಕು.

ಹಳೆಯ ಲಾಗ್‌ಬುಕ್ | ರಾತ್ರಿ 10.40

14? ಹಾಗಾದರೆ ಲಿಲಿಯೆಂಥಾಲರನ್ನು ಎರಡು ಭಾನುವಾರ ಮೊದಲೇ ದಾಟುತ್ತೀರಿ.

ನೇರಮಾತು | ರಾತ್ರಿ 10.44

ಎಲ್ಲ ಸಂತೋಷ. ಬ್ರೀಫಿಂಗ್ ಮುಗಿದ ಮೇಲೆ ಕೇಬಲ್ ಗಾಡಿಯಲ್ಲಿ ಹೋದವರು ಯಾರು?

ಹೊಸ ರೆಕ್ಕೆ | ರಾತ್ರಿ 10.45

ನಾನೇ.